ದೊಡ್ಡ ಬಾಲ್ಕನಿಯ ಕೋಣೆ

ಫೆಬ್ರವರಿ 3

ಸೂಜಿ,

ನಾಲ್ಕು ವರ್ಷದ ಮೇಲೆ ನಿನಗೆ ಕಾಗದ ಬರೆಯುತ್ತಿದ್ದೇನೆ. ಅಮ್ಮ ಇಟ್ಟ ಅಡ್ಡಹೆಸರಿನಲ್ಲೇ ಕರೆಯಬಹುದೋ ಇಲ್ಲವೋ ಎಂದು ಮೊದಲ ಸಾಲಿನಲ್ಲೇ ಬಹಳ ಹೊತ್ತು ಕೂತೆ. ನಿಜವಾದ ಹೆಸರು ಬರೆದು ನೋಡಿದರೆ ಬ್ಯಾಂಕಿನವರ ಪತ್ರದ ಹಾಗೆ ಕಾಣಿಸಿತು. ಫೋನು ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಜಗಳಕ್ಕೆ ನಿಲ್ಲುತ್ತೇವೆ. ಕಾಗದದಲ್ಲಾದರೆ ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಬಾಯಿ ಮುಚ್ಚಿಕೊಂಡಿರಲೇಬೇಕು. ನಿನ್ನ ಕಂಪನಿಯ ಬಂದರು ಕಚೇರಿಗೆ ಕಳಿಸುತ್ತಿದ್ದೇನೆ. ನೀನು ಯಾವ ಹಡಗಿನಲ್ಲಿದ್ದರೂ ತಲುಪಿಸುತ್ತಾರಂತೆ, ಎರಡು ಮೂರು ವಾರ ಹಿಡಿಯುತ್ತದಂತೆ.

ಮಗಳಿಗೆ ಮದುವೆ ಗೊತ್ತಾಗಿದೆ. ಹುಡುಗ ಕಣ್ಣಿನ ಡಾಕ್ಟರು. ಅವನ ಅಪ್ಪ ಅಮ್ಮ ಇಬ್ಬರೂ ಸೇರಿ ಕನ್ನಡಕದ ಅಂಗಡಿ ನಡೆಸುತ್ತಾರೆ. ಮದುವೆ ವರ್ಷದ ಕೊನೆಗೆ. ಅದಕ್ಕೆ ಮುಂಚೆ ಹಿರಿಯರು ನಾಲ್ವರೂ ಒಂದು ವಾರ ಹಡಗಿನಲ್ಲಿ ಸುತ್ತಿ ಬರೋಣ, ಒಬ್ಬರಿಗೊಬ್ಬರು ಪರಿಚಯವಾಗಲಿ ಎಂದು ಬೀಗಿತ್ತಿಯ ಆಸೆ. ನಿನ್ನ ಕಂಪನಿಯದೇ ಹಡಗು, ಏಪ್ರಿಲ್ ಹನ್ನೆರಡಕ್ಕೆ ಹೊರಡುವುದು. ಎಂಟನೇ ಡೆಕ್ಕಿನಲ್ಲಿ ಅಕ್ಕಪಕ್ಕ ಎರಡು ಕೋಣೆ ಸಿಕ್ಕಿವೆ, 822 ಮತ್ತು 824. ಚಿಕ್ಕದೊಂದು ಬಾಲ್ಕನಿ, ಎರಡು ಕುರ್ಚಿ ಹಿಡಿಸುವಷ್ಟು. ಈಗ ಕಂಪನಿಯವರು ಇನ್ನಷ್ಟು ದುಡ್ಡು ಕಟ್ಟಿದರೆ ಹತ್ತನೇ ಡೆಕ್ಕಿನಲ್ಲಿ ದೊಡ್ಡ ಬಾಲ್ಕನಿಯ ಕೋಣೆ ಕೊಡುತ್ತೇವೆ, ಮಾರ್ಚ್ ಮುಗಿಯುವುದರೊಳಗೆ ಹೇಳಿ ಎಂದು ಬರೆದಿದ್ದಾರೆ. ಬೀಗಿತ್ತಿ 'ಮಲಗೋದಕ್ಕೆ ಎಷ್ಟು ಜಾಗ ಬೇಕು ಬಿಡಿ' ಎನ್ನುತ್ತಾರೆ. ನಿನ್ನ ಭಾವ ಎರಡೂ ಕೋಣೆಯ ನಕ್ಷೆ ಮುಂದಿಟ್ಟುಕೊಂಡು ಅಡಿಕೋಲಿನಿಂದ ಅಳೆಯುತ್ತಿದ್ದಾರೆ. ನಾನು ನಿನ್ನನ್ನು ಕೇಳೋಣ ಎಂದುಕೊಂಡೆ. ನಿನಗೆ ಗೊತ್ತಿರುತ್ತದಲ್ಲ.

ನೀನು ಈಗ ಯಾವ ಹಡಗಿನಲ್ಲಿದ್ದೀಯ? ಚೆನ್ನಾಗಿದ್ದೀಯಾ?

ಅಕ್ಕ

•

ಫೆಬ್ರವರಿ 24

ಅಕ್ಕಾ,

ಊಟದ ಹಾಲ್‌ನಲ್ಲಿ ನಿನ್ನ ಅಕ್ಷರ ನೋಡಿ ಯಾರೋ ಹೋಗಿಬಿಟ್ರು ಅಂದ್ಕೊಂಡೆ. ನಮ್ಮನೇಲಿ ಯಾರಾದ್ರೂ ಹೋದ್ರೆ ತಾನೇ ನೀನು ಕಾಗದ ಬರೆಯೋದು! ಬಾತ್‌ರೂಮಿಗೆ ಹೋಗಿ ಚಿಲಕ ಹಾಕ್ಕೊಂಡು ಒಡೆದೆ. ಮದುವೆ ಸುದ್ದಿ. ಅಲ್ಲೇ ಕೂತು ನಕ್ಕಿದ್ದಕ್ಕೆ ಜೊತೆಯವಳು ಬಾಗಿಲು ಬಡಿದು, 'ಏನೇ, ಹುಚ್ಚು ಹಿಡೀತಾ' ಅಂದ್ಲು.

ನಿನ್ನ ಹಡಗು ನನ್ನ ಹಡಗೇ ಕಣೇ. ಅದಿರ್ಲಿ, ಎಂಟನೇ ಡೆಕ್ಕಿನ ನಡುವಿನ ಹದಿನಾರು ಕೋಣೆ ನನ್ನ ಪಾಲಿಗೆ ಬರೋದು. ನೀನು ಬರೆದಿರೋ ಎರಡು ನಂಬರೂ ಅದರಲ್ಲೇ ಇವೆ. ಇದಕ್ಕಿಂತ ಇನ್ನೇನು ಬೇಕು?

ದೊಡ್ಡ ಕೋಣೆ ತಗೋಬೇಡ. ಕಂಪನಿಯವರು ಫೋಟೋದಲ್ಲಿ ಬಾಲ್ಕನಿ ತೋರಿಸ್ತಾರೆ, ಅದರ ನೆತ್ತಿ ಮೇಲೆ ಏನಿದೆ ಅಂತ ತೋರಿಸಲ್ಲ. ಮೇಲಿರೋದು ಈಜುಕೊಳ. ಬೆಳಿಗ್ಗೆ ಐದೂವರೆಗೇ ಕುರ್ಚಿ ಎಳೆಯೋ ಸದ್ದು ಶುರುವಾಗತ್ತೆ, ಗರಗರ ಅಂತ. ಗಾಳಿಯೂ ಜಾಸ್ತಿ. ಪುಸ್ತಕ ಹಿಡ್ಕೊಂಡು ಕೂತ್ರೆ ಹಾಳೆ ಅದೇ ಮಗುಚ್ಕೊಂಡು ಹೋಗತ್ತೆ, ನೀನು ಪದ್ಯ ಓದಿದ ಹಾಗೇನೇ. ಎಂಟನೇ ಡೆಕ್ಕು ಹಡಗಿನ ಹೊಟ್ಟೆ ಇದ್ದ ಹಾಗೆ, ಅಲ್ಲಾಟ ಕಡಿಮೆ. ಭಾವನಿಗೆ ಬಸ್ಸಿನಲ್ಲೇ ತಲೆ ಸುತ್ತತ್ತೆ, ನೆನಪಿದೆ ತಾನೇ?

ನಿನ್ನ ಹಾಸಿಗೆ ನಾನೇ ಹಾಸ್ತೀನಿ. ಮೂಲೆಗೆ ಹಾಕೋ ಅಮ್ಮನ ಲಕೋಟೆ ಮಡಿಕೆ ಇನ್ನೂ ನನ್ನ ಕೈಲಿದೆ. ಇಲ್ಲಿ ಟ್ರೇನಿಂಗ್ ಕೊಡೋಕೆ ಬಂದವನು, 'ಇದನ್ನ ಎಲ್ಲಿ ಕಲಿತೆ' ಅಂತ ಕೇಳಿದ್ದ. ಅಮ್ಮ ಕೆಲಸ ಮಾಡ್ತಿದ್ದ ಆಸ್ಪತ್ರೆ ವಾರ್ಡಿನಲ್ಲಿ ಅಂದೆ. ಟವಲಿನಲ್ಲಿ ಆನೆ, ಹಂಸ, ಮೊಲ ಎಲ್ಲಾ ಮಾಡ್ತೀನಿ. ನಿನಗೆ ಯಾವುದು ಬೇಕು ಈಗಲೇ ಹೇಳು.

ನಿನ್ನ ಸೂಜಿ

•

ಮಾರ್ಚ್ 14
(ಅಂಚೆಗೆ ಹಾಕಲಿಲ್ಲ)

ಸೂಜಿ,

ನಿನಗೆ ನಿಜ ಹೇಳಬೇಕು. ಹೆಣ್ಣು ನೋಡಲು ಬಂದ ದಿನ ಬೀಗಿತ್ತಿ 'ನಿಮ್ಮ ತಂಗಿ ಏನು ಮಾಡ್ತಾರೆ' ಎಂದು ಕೇಳಿದರು. 'ಹಡಗಿನಲ್ಲಿ ಆಫೀಸರ್' ಎಂದುಬಿಟ್ಟೆ. ಯೋಚಿಸಿ ಹೇಳಿದ್ದಲ್ಲ, ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಮಗಳು ತನ್ನ ಕಾಲ ಬೆರಳು ನೋಡುತ್ತಾ ಕೂತಳು. ಆಮೇಲೆ ಬೀಗಿತ್ತಿ ಅದನ್ನು ಅವರ ನೆಂಟರಿಗೆಲ್ಲ ಹೇಳಿದರು. ಸುಳ್ಳು ನನ್ನ ಕೈಬಿಟ್ಟು ಅವರ ಮನೆಯದಾಯಿತು.

ಈಗ ನೀನು ಬಕೆಟ್ಟು, ಬ್ರಷ್ಷು ಹಿಡಿದು ನಮ್ಮ ಎರಡೂ ಬಾಗಿಲು ತಟ್ಟುತ್ತೀಯ. ನಿನ್ನ ಕಾಗದದಲ್ಲಿದ್ದ ಸಂತೋಷ ಓದಿ ನನಗೆ ಭಯವಾಯಿತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಆ ಮೇಲಿನ ಕೋಣೆಗೆ

•

ಮಾರ್ಚ್ 15

ಪ್ರೀತಿಯ ಸೂಜಿ,

ನಿನ್ನ ಕಾಗದ ತಲುಪಿತು. ತುಂಬಾ ಸಂತೋಷ.

ನೀನು ಬೇಡವೆಂದರೂ ಕೊನೆಗೆ ಹತ್ತನೇ ಡೆಕ್ಕಿನ ದೊಡ್ಡ ಕೋಣೆಗಳನ್ನೇ ತೆಗೆದುಕೊಂಡೆವು. ಬೀಗಿತ್ತಿಗೆ ಮಂಡಿನೋವು, ಕಾಲು ಚಾಚಲು ಜಾಗ ಬೇಕೆಂದು ಅವರೇ ಹಟ ಮಾಡಿದರು. ಬೀಗರ ಮಾತು ಮೀರುವುದು ಹೇಗೆ ಹೇಳು? ನಿನ್ನ ಹದಿನಾರು ಕೋಣೆಯ ಕೆಲಸದ ಮಧ್ಯೆ ನಮ್ಮನ್ನು ಹುಡುಕಿಕೊಂಡು ಬರುವ ತೊಂದರೆ ತೆಗೆದುಕೊಳ್ಳಬೇಡ. ನಿಮಗೆ ಅದಕ್ಕೆಲ್ಲ ಅನುಮತಿ ಇರುವುದಿಲ್ಲ ಎಂದು ಕೇಳಿದ್ದೇನೆ. ಎಲ್ಲಾದರೂ ದಡದಲ್ಲಿ ಇಳಿದಾಗ ಸಾಧ್ಯವಾದರೆ ನೋಡೋಣ.

ಬೀಗರಿಗೆ ನಿನ್ನ ಕೆಲಸದ ವಿಷಯ ವಿವರವಾಗಿ ಹೇಳಲು ಸಂದರ್ಭ ಬಂದಿಲ್ಲ. ಹಡಗಿನಲ್ಲಿದ್ದಾಳೆ ಎಂದಷ್ಟೇ ಗೊತ್ತು.

ಆರೋಗ್ಯ ನೋಡಿಕೋ.

ಅಕ್ಕ

•

ಏಪ್ರಿಲ್ 5

ಅಕ್ಕಾ,

ನಿನ್ನ ಕಾಗದ ಇವತ್ತು ಸಿಕ್ತು. ಬೀಗಿತ್ತಿ ಮಂಡಿ ಮೇಲೆ ನನಗೇನೂ ಸಿಟ್ಟಿಲ್ಲ. ಮಂಡಿ ಇರೋ ಕಡೆ ನಾನೇ ಬರ್ತೀನಿ, ಅಷ್ಟೇ ತಾನೇ?

ಹತ್ತನೇ ಡೆಕ್ಕು ನೋಡ್ಕೊಳೋದು ನನ್ನ ಜೊತೆ ಕೋಣೆಯಲ್ಲಿ ಮಲಗೋಳು. ಒಂದು ವಾರಕ್ಕೆ ಬದಲಾಯಿಸ್ಕೊಂಡಿದ್ದೀವಿ. ಸೂಪರ್‌ವೈಸರ್ ಮೊದಲು ಗುರ್ ಅಂದ್ರು. 'ನಮ್ಮಕ್ಕ ಬರ್ತಿದ್ದಾಳೆ ಸಾರ್, ಲೈಬ್ರರಿಯನ್, ಎಂ.ಎ. ಮಾಡಿದ್ದಾಳೆ' ಅಂತ ಜಂಬ ಕೊಚ್ಚಿದೆ, ಸಹಿ ಹಾಕಿಕೊಟ್ರು. ಬದಲಿಗೆ ಅವಳಿಗೆ ನಾನು ನನ್ನ ಎರಡು ಬಿಡುವು ಕೊಟ್ಟೆ, ದಡಕ್ಕೆ ಇಳಿಯೋ ಬಿಡುವು. ನನಗೆ ದಡದಲ್ಲಿ ಏನು ಕೆಲಸ, ನೀನು ಹಡಗಿನಲ್ಲಿರುವಾಗ?

ಬೀಗಿತ್ತಿಗೆ ಎರಡು ದಿಂಬು ಹೆಚ್ಚಿಗೆ ಇಡ್ತೀನಿ, ಮಂಡಿ ಕೆಳಗೆ ಇಟ್ಕೊಳೋಕೆ.

ಒಂದು ವಾರ ಅಷ್ಟೇ!

ಸೂಜಿ

•

ಏಪ್ರಿಲ್ 15
ಕೋಣೆ 1022
(ಅಕ್ಕನ ಸಿಂಕಿನ ಪಕ್ಕ ಇಟ್ಟ ಚೀಟಿ)

ಮಾನ್ಯರೇ,

ತಾವು ತಿಳಿಸಿದಂತೆ ಸಿಂಕನ್ನು ಪುನಃ ಸ್ವಚ್ಛಗೊಳಿಸಿದ್ದೇನೆ. ತಮಗೆ ಆದ ಅನಾನುಕೂಲಕ್ಕೆ ಕ್ಷಮೆ ಇರಲಿ.

ತಮ್ಮ ಕೋಣೆಯ ಸಹಾಯಕಿ

•

ಏಪ್ರಿಲ್ 21

ಸೂಜಿ,

ಮನೆಗೆ ಬಂದು ಬೀಗ ತೆಗೆಯುವ ಮೊದಲು ಅಂಚೆಪೆಟ್ಟಿಗೆ ತೆಗೆದೆ. ನಿನ್ನ ಐದನೇ ತಾರೀಕಿನ ಕಾಗದ ಅದರೊಳಗಿತ್ತು. ಹೊರಡುವ ಮುಂಚೆ ಸಿಕ್ಕಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿಕೊಂಡೆ. ಉತ್ತರ ಹೊಳೆದಿದ್ದರಿಂದ ಪ್ರಯಾಣದ ಪೆಟ್ಟಿಗೆಯನ್ನು ಹಾಸಿಗೆ ಹಾಸದ ಮಂಚದ ಮೇಲೆ ಬಿಟ್ಟು ಅಲ್ಲೇ ಕೂತೆ. ಕಾಯಿಲೆ ಬಂತೆಂದು ಪ್ರವಾಸವನ್ನೇ ಬಿಡುತ್ತಿದ್ದೆ. ಬಹುಶಃ ಅದನ್ನೇ ಮಾಡುತ್ತಿದ್ದೆ.

ನಡೆದದ್ದನ್ನು ಬರೆಯುತ್ತೇನೆ. ನಿನಗೆ ಗೊತ್ತಿದೆ, ಆದರೂ ನನ್ನ ಕೈಯಿಂದ ಬರೆದು ನೋಡಬೇಕು.

ಮೊದಲ ದಿನ ಮಧ್ಯಾಹ್ನ ನೀನು ಬಾಗಿಲು ತಟ್ಟಿದಾಗ ಬೀಗಿತ್ತಿ ನನ್ನ ಕೋಣೆಯಲ್ಲಿ ಬಾಚಣಿಗೆ ಕೇಳಲು ಬಂದು ನಿಂತಿದ್ದರು. ಬಾಗಿಲು ತೆರೆದೆ. ನೀಲಿ ಬಟ್ಟೆ, ತಲೆಗೆ ಟೊಪ್ಪಿ, ಹಿಂದೆ ಟವಲಿನ ಗಾಡಿ. ಮುಖವೆಲ್ಲಾ ನಗು. ನೀನು 'ಅಕ್ಕಾ' ಎಂದು ಬಾಯಿ ತೆರೆದಿದ್ದೆ, ಸದ್ದು ಇನ್ನೂ ಬಂದಿರಲಿಲ್ಲ. ಅದಕ್ಕೆ ಮುಂಚೆಯೇ ನಾನು 'ಆಮೇಲೆ ಬನ್ನಿ' ಎಂದೆ. 'ಬನ್ನಿ.' ನಿನಗೆ. ನಿನ್ನ ಕಣ್ಣು ನನ್ನ ಭುಜದ ಮೇಲಿಂದ ಬೀಗಿತ್ತಿಯನ್ನು ನೋಡಿತು, ವಾಪಸ್ಸು ಬಂತು. ನೀನು 'ಸರಿ ಮೇಡಂ' ಎಂದು ಗಾಡಿ ತಿರುಗಿಸಿದೆ. ಅಷ್ಟರಲ್ಲಿ ನಿನ್ನ ಭಾವ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರು. ಅವತ್ತು ಅವರು ಹಾಕಿಕೊಂಡಿದ್ದದ್ದು ಚಪ್ಪಲಿ.

ಆ ಸಂಜೆ ಹಾಸಿಗೆಯ ಮೇಲೆ ಟವಲಿನ ಮೊಲ ಕೂತಿತ್ತು. ಮರುದಿನ ಆನೆ. ನೀನು ಭಾವನ ಕನ್ನಡಕವನ್ನು ಅದರ ಮೂಗಿಗೆ ಏರಿಸಿದ್ದೆ. ಬೀಗಿತ್ತಿ ನೋಡಿ ನಕ್ಕು ನಕ್ಕು ಕಣ್ಣೊರೆಸಿಕೊಂಡರು. 'ಅಲ್ಲಾ ಕಣ್ರೀ, ಎಷ್ಟು ಚುರುಕು ಹುಡುಗಿ! ನಿಮ್ಮ ತಂಗಿಯೂ ಇಂಥ ಹಡಗಿನಲ್ಲೇ ಇರೋದಾ?' ಎಂದರು. 'ಅವಳದು ಬೇರೆ ಮಾರ್ಗ, ದೂರ' ಎಂದೆ. ನೀನು ಪಕ್ಕದ ಕೋಣೆಯಲ್ಲಿದ್ದೆ.

ನಾಲ್ಕನೇ ದಿನ ಬೀಗಿತ್ತಿ ಕೈತೊಳೆಯಲು ನಮ್ಮ ಬಾತ್‌ರೂಮಿಗೆ ಹೋದವರು ನಿನ್ನನ್ನು ಕೂಗಿ ಕರೆದರು.

'ಏನಮ್ಮಾ, ಇದನ್ನ ತೊಳೆದಿರೋದು ಅಂತಾರಾ? ಸಿಂಕಲ್ಲಿ ಕೂದಲು!'

'ಸಾರಿ ಮೇಡಂ.'

'ಇಷ್ಟುದ್ದ ಇದೆ. ಟೊಪ್ಪಿ ಸರಿಯಾಗಿ ಹಾಕ್ಕೋಬೇಕು ತಾನೇ? ಮೊನ್ನೆ ನಮ್ಮ ರೂಮಿನಲ್ಲೂ ಹೀಗೇ ಎರಡನೇ ಸಲ ಉಜ್ಜಿಸಬೇಕಾಯ್ತು. ದುಡ್ಡೇನು ಕಡಿಮೆ ತಗೋತಾರಾ ಇವರು?'

ಕೂದಲು ನನ್ನದು. ಅರ್ಧ ಬೆಳ್ಳಗೆ, ಅರ್ಧ ಕಪ್ಪು. ನೀನು ಕೂದಲು ಕತ್ತರಿಸಿಕೊಂಡು ಎಷ್ಟು ವರ್ಷವಾಯಿತೋ, ಟೊಪ್ಪಿಯ ಹೊರಗೆ ಒಂದೆಳೆಯೂ ಇರಲಿಲ್ಲ. ಅದು ನಿನಗೂ ಗೊತ್ತಿತ್ತು. ನೀನು ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡು, ನನ್ನ ಕಡೆ ನೋಡದೆ, ಜೇಬಿಗೆ ಹಾಕಿಕೊಂಡೆ.

ನಾನು ಪುಸ್ತಕ ತೆಗೆದುಕೊಂಡು ಬಾಲ್ಕನಿಗೆ ಹೋದೆ. ಗಾಜಿನ ಬಾಗಿಲು ಎಳೆದೆ. ಎಂಟನೇ ಡೆಕ್ಕಿನದಾಗಿದ್ದರೆ ಎರಡು ಹೆಜ್ಜೆಗೆ ಕಟಕಟೆ ಸಿಗುತ್ತಿತ್ತು, ಬಾಗಿಲ ಬಳಿಯೇ ನಿಲ್ಲಬೇಕಾಗುತ್ತಿತ್ತು, ಏನಾದರೂ ಕೇಳಿಸುತ್ತಿತ್ತು. ಇದು ದೊಡ್ಡ ಬಾಲ್ಕನಿ. ಹಿಂದೆ ಸರಿಯಲು ಬೇಕಾದಷ್ಟು ಜಾಗವಿತ್ತು. ಸರಿಯುತ್ತಾ ಹೋದೆ. ಕವನದ ಪುಸ್ತಕ ಕೈಯಲ್ಲಿತ್ತು, ನೀನು ಹೇಳಿದ ಹಾಗೆ ಗಾಳಿಯೇ ಹಾಳೆ ಮಗುಚಿತು. ತಿರುಗಿ ನೋಡಿದರೆ ಗಾಜಿನಲ್ಲಿ ಸಮುದ್ರ ಕಾಣಿಸುತ್ತಿತ್ತು, ಸಮುದ್ರದೊಳಗೆ ನೀನು ಮಂಡಿಯೂರಿ ನೆಲ ಒರೆಸುತ್ತಿದ್ದೆ.

ಅವತ್ತಿನಿಂದ ಟವಲು ಬರೀ ಟವಲಾಯಿತು.

ಕೊನೆಯ ಬೆಳಿಗ್ಗೆ ನಿನ್ನ ಭಾವ ತಿಂಡಿಗೆ ಹೋದ ಮೇಲೆ ನಾನು ಹಾಸಿಗೆ ಹಾಸಿದೆ. ಅಮ್ಮ ವಾರ್ಡಿನಲ್ಲಿ ಮೂವತ್ತೊಂದು ವರ್ಷ ಹಾಸಿದ ಹಾಗೆ, ನಾಲ್ಕೂ ಮೂಲೆಗೆ ಲಕೋಟೆ ಮಡಿಕೆ. ಎರಡು ಸಲ ತಪ್ಪಿತು. ನೀನು ಬಂದಾಗ ಮಾಡುವುದಕ್ಕೆ ಏನೂ ಇರಬಾರದು ಎಂದು. ಬೇರೆ ಏನು ಮಾಡಬಹುದೆಂದು ತೋಚಲಿಲ್ಲ. ಬಾಗಿಲು ತೆರೆದು ನಿನ್ನನ್ನು ಕರೆಯಬಹುದಿತ್ತು, ಅದೊಂದು ತೋಚಲಿಲ್ಲ.

ನೀನು ಹಡಗಿನ ಕೆಲಸಕ್ಕೆ ಹೊರಟ ದಿನ ನಾನು ಅಡುಗೆಮನೆಯಲ್ಲಿ ನಿಂತು 'ಕಂಡವರ ಹಾಸಿಗೆ ಎತ್ತೋಕೆ ಹೋಗ್ತೀಯಾ' ಎಂದು ಕಿರುಚಿದ್ದೆ. ಅಮ್ಮ ಒಳಗೆ ಮಲಗಿದ್ದಳು. ಅವಳಿಗೆ ಕೇಳಿಸಿತ್ತು. ಅವಳು ವಾರ್ಡಿನಲ್ಲಿ ಹಾಸಿದ ಹಾಸಿಗೆಗಳ ದುಡ್ಡಿನಲ್ಲೇ ನಾನು ಎಂ.ಎ.ವರೆಗೆ ಓದಿದ್ದು. ಅವಳು ತೀರಿಕೊಳ್ಳುವವರೆಗೂ ಆ ಮಾತು ನಮ್ಮಿಬ್ಬರ ನಡುವೆ ಹಾಗೇ ಉಳಿಯಿತು. ಈಗ ಇದು ನನ್ನ ಎರಡನೆಯ ತಪ್ಪು.

ಕ್ಷಮಿಸು ಎಂದು ಕೇಳಲು ನಾಚಿಕೆಯಾಗುತ್ತದೆ.

ಅಕ್ಕ

•

ಜೂನ್ 9

ಅಕ್ಕಾ,

ತಡ ಮಾಡಿದ್ದು ಬೇಕಂತಲೇ.

ಕಾಗದ ಮೂರು ಸಲ ಓದಿದೆ. ಚೆನ್ನಾಗಿ ಬರೀತೀಯ. ಚೆನ್ನಾಗಿ ಬರೆದಿದ್ದಕ್ಕೇ ಸಿಟ್ಟು ಬಂತು. ಸಮುದ್ರದೊಳಗೆ ನೆಲ ಒರೆಸೋ ನಾನು! ನನಗೆ ಅಲ್ಲಿ ಸಮುದ್ರ ಕಾಣಲಿಲ್ಲ ಕಣೇ, ಸೋಪಿನ ನೊರೆ ಕಾಣಿಸ್ತಿತ್ತು.

ಮಂಡಿ ವಿಷಯ ನನಗೆ ಮೊದಲ ದಿನವೇ ಗೊತ್ತಾಯ್ತು. ಹೆಚ್ಚಿಗೆ ದಿಂಬು ತಗೊಂಡು ಹೋಗಿ ಬೀಗಿತ್ತಿಗೆ, 'ಮಂಡಿ ಕೆಳಗೆ ಇಟ್ಕೊಳಿ ಮೇಡಂ' ಅಂದೆ. 'ನನ್ನ ಮಂಡಿಗೇನಾಗಿದೆ? ಗಟ್ಟಿಯಾಗಿದ್ದೀನಿ' ಅಂದ್ರು. ಆಮೇಲೆ ಅವರೇ, 'ನನಗೆ ಕೆಳಗಿನ ರೂಮೇ ಸಾಕಿತ್ತು. ಪಕ್ಕದವರು ನಮ್ಮ ಬೀಗಿತ್ತಿ, ಅವರೇ ಒಂದೇ ಹಟ, ಮೇಲಿನದೇ ಬೇಕು ಅಂತ. ನಮ್ಮ ಪಾಲಿನ ದುಡ್ಡನ್ನೂ ತಾವೇ ಕೊಡ್ತೀವಿ ಅಂದ್ರು' ಅಂದ್ರು. ದಿಂಬು ಕೈಲಿ ಹಿಡ್ಕೊಂಡು ನಿಂತಿದ್ದೆ. ನಾನು ಬರೆದೆ ಎಂಟನೇ ಡೆಕ್ಕು ನನ್ನದು ಅಂತ, ನೀನು ಹತ್ತನೇದಕ್ಕೆ ಹತ್ತಿದೆ. ಅಷ್ಟು ದುಡ್ಡು ಕೊಟ್ಟು. ಅಷ್ಟು ದೊಡ್ಡ ಬಾಲ್ಕನಿ ನನ್ನಿಂದ ತಪ್ಪಿಸ್ಕೊಳೋಕೆ.

ಆದರೂ ಆನೆ ಮಾಡಿದೆ ನೋಡು ಎರಡನೇ ದಿನ. ಇವತ್ತು ಕರೀತಾಳೆ, ನಾಳೆ ಕರೀತಾಳೆ ಅಂತ.

ನೀನು ಹಾಸಿ ಹೋದ ಹಾಸಿಗೆ ವಿಷಯ. ಇಳಿಯೋ ದಿನ ಹಾಸಿಗೆ ಹಾಸಿ ಹೋಗೋ ಪ್ರಯಾಣಿಕರಿಗೆ ನಾವು ಒಂದು ಬೈಗುಳ ಇಟ್ಕೊಂಡಿದ್ದೀವಿ, ಕಾಗದದಲ್ಲಿ ಬರೆಯೋ ಹಾಗಿಲ್ಲ. ಅವತ್ತು ಎಲ್ಲಾ ಹಾಸಿಗೆ ಬಿಚ್ಚಬೇಕು, ಬಟ್ಟೆ ಪೂರ್ತಿ ಒಗೆಯೋಕೆ ಹೋಗತ್ತೆ. ಬಿಗಿಯಾಗಿ ಮಡಿಚಿಟ್ರೆ ನಮಗೇ ಡಬಲ್ ಕೆಲಸ. ಹದಿನಾರು ಕೋಣೆ, ಮೂರು ಗಂಟೆ. ಉಪಕಾರ ಮಾಡೋಕೆ ಮುಂಚೆ ಕೇಳಬೇಕಿತ್ತು.

ನಿನ್ನ ಮಡಿಕೆಯಲ್ಲಿ ಒಂದು ಮೂಲೆ ಉಲ್ಟಾ ಆಗಿತ್ತು. ಮೂರು ಮೂಲೆ ಎಳೆದೆ. ಆ ಉಲ್ಟಾ ಮೂಲೆ ಎಳೆಯೋಕೆ ಕೈ ಬರಲಿಲ್ಲ. ಗಾಡಿ ಹೊರಗೆ ನಿಲ್ಲಿಸಿ ಮಂಚದ ಅಂಚಲ್ಲಿ ಕೂತೆ. ಸೂಪರ್‌ವೈಸರ್ ಬಂದು 'ನಿಮ್ಮಕ್ಕ ಇಳಿದು ಹೋದ್ರಾ? ಪರಿಚಯ ಮಾಡಿಸಲೇ ಇಲ್ಲ' ಅಂದ್ರು. 'ಅವಳು ಬರಲೇ ಇಲ್ಲ ಸಾರ್, ಕ್ಯಾನ್ಸಲ್ ಆಯ್ತು' ಅಂದೆ. ನೋಡು, ನಾನೂ ನಿನ್ನ ಹಾಗೇ ಸುಳ್ಳು ಹೇಳಿದೆ.

ನಿನ್ನ ಕಾಗದದಲ್ಲಿ ನಾಚಿಕೆ ಇದೆ, ಅಮ್ಮ ಇದ್ದಾಳೆ, ಗಾಜು ಇದೆ. ಬೀಗಿತ್ತಿಗೆ ಹೇಳಿದೆ ಅನ್ನೋ ಒಂದು ಸಾಲು ಹುಡುಕಿದೆ. ಅದಿಲ್ಲ.

ಅದಿಲ್ಲದೆ ನನಗೆ ಕಾಗದ ಬರೀಬೇಡ.

ಸೂಜಿ

•

ಜೂನ್ 30

ಸೂಜಿ,

ಹೇಳಿದೆ.

ನಿನ್ನ ಕಾಗದ ಬಂದು ನಾಲ್ಕು ದಿನವಾಗಿತ್ತು. ಕನ್ನಡಕ ಸರಿಮಾಡಿಸುವ ನೆಪದಲ್ಲಿ ಅಂಗಡಿಗೆ ಹೋದೆ. ಎರಡು ಸಲ ಹೋಗಿ ಎರಡು ಸಲವೂ ಬರೀ ಕನ್ನಡಕ ಸರಿಮಾಡಿಸಿಕೊಂಡು ಬಂದಿದ್ದೆ. ಮೂರನೇ ಸಲ ಬೀಗಿತ್ತಿ ಅದನ್ನು ಕೈಯಲ್ಲಿ ಹಿಡಿದು, 'ಇದಕ್ಕೇನೂ ಆಗಿಲ್ಲವಲ್ರೀ, ನಿಮಗೇನಾಗಿದೆ?' ಎಂದರು. ಎದುರಿನ ಕನ್ನಡಿಯಲ್ಲಿ ನನ್ನ ಮುಖ ಸರಿಯಾಗಿ ಕಾಣಿಸುತ್ತಿರಲಿಲ್ಲ, ಅವರದೂ ನನಗೆ ಮಬ್ಬು. ಅದರಿಂದಲೇ ಬಾಯಿ ಬಂತೋ ಏನೋ.

'ಹಡಗಿನಲ್ಲಿ ಆನೆ ಮಾಡುತ್ತಿದ್ದಳಲ್ಲ, ಅವಳು ನನ್ನ ತಂಗಿ. ಆಫೀಸರ್ ಅಲ್ಲ. ನಾನು ಹೇಳಿದ್ದು ಸುಳ್ಳು' ಎಂದೆ.

ಅವರು ಕನ್ನಡಕ ಒರೆಸುತ್ತಲೇ ಇದ್ದರು. ಬೈಯುತ್ತಾರೆ, ಮದುವೆಯ ಮಾತೆತ್ತುತ್ತಾರೆ ಎಂದುಕೊಂಡಿದ್ದೆ. ಅವರು ಅದ್ಯಾವುದನ್ನೂ ಎತ್ತಲಿಲ್ಲ.

'ಆ ಕೂದಲು?' ಎಂದರು.

'ನನ್ನದು.'

'ನೀವು ಅಲ್ಲೇ ಇದ್ರಿ.'

'ಇದ್ದೆ.'

'ನಾನು ಆ ಹುಡುಗೀನ ಮಂಡಿಯೂರಿಸಿ ಉಜ್ಜಿಸಿದೆ. ನಮ್ಮ ಸೊಸೆಯ ಚಿಕ್ಕಮ್ಮನ್ನ. ನನ್ನ ಕೈಲಿ ಅದನ್ನ ಮಾಡಿಸಿ ನೀವು ಹೊರಗೆ ಹೋಗಿ ಪುಸ್ತಕ ಓದಿದ್ರಾ?' ಧ್ವನಿ ಏರಿರಲಿಲ್ಲ. ಆಮೇಲೆ, 'ಯಾರೂ ಅಲ್ಲದಿದ್ದರೂ ಹಾಗೆ ಮಾತಾಡಬಾರದಿತ್ತು ನಾನು' ಎಂದು ತಮಗೇ ಹೇಳಿಕೊಂಡು ಕನ್ನಡಕವನ್ನು ನನ್ನ ಮುಂದಿಟ್ಟು ಒಳಗೆ ಹೋದರು.

ನನ್ನ ಸುಳ್ಳು ನನ್ನನ್ನು ಮಾತ್ರ ಸಣ್ಣವಳನ್ನಾಗಿ ಮಾಡಿತು ಎಂದುಕೊಂಡಿದ್ದೆ. ಅವರನ್ನೂ ಮಾಡಿಬಿಟ್ಟಿತ್ತು. ಮದುವೆಗೆ ಏನೂ ಆಗಿಲ್ಲ. ಆದರೆ ಅವರು ಮೊದಲಿನ ಹಾಗೆ 'ಅಲ್ಲಾ ಕಣ್ರೀ' ಎಂದು ಮಾತು ಶುರುಮಾಡುವುದಿಲ್ಲ. ಬೇಕಾದಷ್ಟೇ ಮಾತಾಡುತ್ತಾರೆ. ಮಗಳು ಮಾತ್ರ ಮೊನ್ನೆ ನನ್ನ ತಲೆ ಬಾಚಲು ಬಂದಳು. ಬಾಚಣಿಗೆಯಲ್ಲಿ ಸಿಕ್ಕ ಕೂದಲು ತೆಗೆದು ನನ್ನ ಅಂಗೈಯಲ್ಲಿಟ್ಟಳು.

ಮದುವೆಗೆ ಬರುತ್ತೀಯಾ? ಮನೆಗೆ ಬರುತ್ತೀಯಾ? ಹಾಸಿಗೆ ಹಾಸುವ ಮೊದಲು ಕೇಳುತ್ತಿದ್ದೇನೆ.

ಅಕ್ಕ

•

ಆಗಸ್ಟ್ 4

ಅಕ್ಕಾ,

ಕರಾರು ಈ ತಿಂಗಳ ಮೂವತ್ತಕ್ಕೆ ಮುಗಿಯತ್ತೆ. ನಾಲ್ಕು ತಿಂಗಳು ರಜೆ.

ಮನ್ನಿಸಿದ್ದೀನಾ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಹದಿನಾರು ಕೋಣೆ ಮಾಡೋವಾಗ ಆರು ಕೋಣೆವರೆಗೆ ಸಿಟ್ಟಿರತ್ತೆ, ಆಮೇಲೆ ಸೊಂಟ ನೋಯೋಕೆ ಶುರುವಾಗಿ ಮರೆತುಹೋಗತ್ತೆ. ಮಾರನೇ ದಿನ ಮತ್ತೆ ಒಂದನೇ ಕೋಣೆ.

ನನ್ನನ್ನ ಕರ್ಕೊಂಡು ಹೋಗೋಕೆ ಬರೋ ಹಾಗಿದ್ರೆ ಒಂದು ವಿಷಯ. ನೀವು ಇಳಿದಿರಲ್ಲ, ಗಾಜಿನ ಸೇತುವೆ, ಹೂವಿನ ಕುಂಡ, ಅಲ್ಲಿ ನಿಲ್ಲಬೇಡ. ನಾವು ಅಲ್ಲಿಂದ ಇಳಿಯಲ್ಲ. ಗೋದಾಮು ದಾಟಿ ಹೋದ್ರೆ ಕಸದ ಲಾರಿ ನಿಲ್ಲೋ ಕಡೆ ತಗಡಿನ ಗೇಟು ಇದೆ. ಅಲ್ಲಿ ಕಾವಲಿನವನ ಹತ್ರ ಒಂದು ದಪ್ಪ ಪುಸ್ತಕ ಇರತ್ತೆ. ಯಾರನ್ನ ನೋಡೋಕೆ ಬಂದ್ರಿ, ಏನು ಕೆಲಸದವರು, ನಿಮಗೇನಾಗಬೇಕು, ಎಲ್ಲಾ ಬರೀಬೇಕು. ಅವನಿಗೆ ಸ್ವಲ್ಪ ಕಿವಿ ಮಂದ. ಜೋರಾಗಿ ಹೇಳಬೇಕಾಗತ್ತೆ. ಸುತ್ತ ಜನ ಇರ್ತಾರೆ.

ಆಗಲ್ಲ ಅಂದ್ರೆ ಬರಬೇಡ. ನಾನೇ ಬಸ್ಸು ಹತ್ತಿ ಬರ್ತೀನಿ.

ಸೂಜಿ

•

ಆಗಸ್ಟ್ 30
(ಗೇಟಿನ ಕಾವಲಿನವನ ಕೈಲಿ ಒಳಗೆ ಕಳಿಸಿದ ಚೀಟಿ)

ಸೂಜಿ,

ಬಂದಿದ್ದೇನೆ. ಎಂಟು ಗಂಟೆಯಿಂದ ಇಲ್ಲೇ ಇದ್ದೇನೆ. ಇಂಥದೊಂದು ಬಾಗಿಲು ಇರುತ್ತದೆಂದು ಒಂದು ವಾರ ಆ ಹಡಗಿನಲ್ಲಿದ್ದಾಗ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಕಾವಲಿನವನು ನನ್ನ ಬಟ್ಟೆ ನೋಡಿ 'ಯಾವ ಆಫೀಸರ್‌ನ ಕಡೆಯವರು ಮೇಡಂ?' ಎಂದ. 'ಆಫೀಸರ್ ಅಲ್ಲ. ಕೋಣೆ ಸ್ವಚ್ಛ ಮಾಡುವವಳು. ನನ್ನ ತಂಗಿ' ಎಂದೆ. ಅವನು ಕಿವಿಗೆ ಕೈಯಿಟ್ಟು 'ಆಂ?' ಎಂದ. ಹಿಂದೆ ಏಳೆಂಟು ಜನ ಸಾಲಿನಲ್ಲಿದ್ದರು. ಇನ್ನೊಮ್ಮೆ ಹೇಳಿದೆ, ಗೋದಾಮಿನಲ್ಲಿ ಮೂಟೆ ಇಳಿಸುತ್ತಿದ್ದವರೂ ತಿರುಗಿ ನೋಡುವ ಹಾಗೆ.

ಬೀಗಿತ್ತಿಯೂ ಬಂದಿದ್ದಾರೆ. ಕಾರಿನಲ್ಲಿ ಕೂತಿದ್ದಾರೆ, ಇಳಿದು ಬರಲು ಅವರಿಗೆ ನಾಚಿಕೆ. ನಾನು ಇಳಿದಿದ್ದೇನೆ.

ನಿನ್ನ ಕೋಣೆಗಳೆಲ್ಲ ಮುಗಿಯಲಿ. ನಿಧಾನವಾಗಿ ಬಾ.

ಅಕ್ಕ